ಸ್ಕ್ರೀನ್ ಅಪ್‌ಡೇಟ್ ಆಗಿತ್ತು, ಎಂಜಿನ್ ಆಗಿರಲಿಲ್ಲ

ಆಗುಂಬೆ ಘಾಟಿ ಹತ್ತುತ್ತಿದ್ದೆ. ತಿರುವಿನಲ್ಲಿ ಬಸ್ಸು ಇಳಿಯುತ್ತಿತ್ತು, ಅದಕ್ಕೆ ದಾರಿ ಬಿಡಲು ನಿಂತೆ. ಎಸಿ ಓಡುತ್ತಿತ್ತು. ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು 700ರಿಂದ 500ಕ್ಕೆ ಜಾರಿತು, ಗಾಡಿ ಒಂದು ಸಲ ನಡುಗಿ ಆಫ್ ಆಯಿತು. ಹಿಂದೆ ಐದಾರು ಗಾಡಿಗಳ ಹಾರನ್. ಅದೇ ತಿಂಗಳಲ್ಲಿ ಇದು ಮೂರನೇ ಸಲ.

ನನ್ನದು 2021ರ ಪೆಟ್ರೋಲ್ ಕಾರು, ಬಿಎಸ್6. ಸರ್ವಿಸ್‌ನಲ್ಲಿ ಪ್ಲಗ್ ನೋಡಿದ್ದರು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದಿದ್ದರು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಸಾಫ್ಟ್‌ವೇರ್ ಏನಾದರೂ ಹೊಸದು ಬಂದಿದೆಯಾ ಅಂತ ಕೇಳಿದೆ. ಅಡ್ವೈಸರ್ ಗಾಡಿಯೊಳಗೆ ಕೂತು, ಸ್ಕ್ರೀನ್ ಮುಟ್ಟಿ, ‘ಲೇಟೆಸ್ಟ್ ಇದೆ ಸಾರ್’ ಅಂದರು.

ಲೇಟೆಸ್ಟ್ ಇರಲೇಬೇಕಲ್ಲ! ಅದನ್ನು ಹಾಕಿದ್ದೇ ನಾನು, ಮನೆಯಲ್ಲಿ, ಪೆನ್ ಡ್ರೈವ್‌ನಿಂದ.

ಆ ಕೆಲಸ ಕಷ್ಟದ್ದಲ್ಲ, ಆದರೆ ನಾನು ಎರಡು ಸಲ ಎಡವಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಮಾಹಿತಿ ತೆರೆದು, ಅಲ್ಲಿದ್ದ ವರ್ಷನ್ ನಂಬರನ್ನು ಫೋಟೋ ಹೊಡೆದುಕೊಂಡೆ. ಕಂಪನಿಯ ಸೈಟಿನಲ್ಲಿ ಮಾಡೆಲ್ ಮತ್ತು ವರ್ಷ ಕೊಟ್ಟರೆ ಫೈಲ್ ಸಿಕ್ಕಿತು. ಮೊದಲ ಸಲ 64 ಜಿಬಿ ಪೆನ್ ಡ್ರೈವ್ ಹಾಕಿದೆ. ಕಾರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿತ್ತು, ಕಾರಿಗೆ ಬೇಕಾಗಿದ್ದು ಫ್ಯಾಟ್32. ಹಳೇ 16 ಜಿಬಿ ಡ್ರೈವ್ ಹುಡುಕಿ ಫಾರ್ಮ್ಯಾಟ್ ಮಾಡಿದೆ. ಎರಡನೇ ಸಲ ‘ಫೈಲ್ ಸಿಗಲಿಲ್ಲ’ ಅಂತ ಬಂತು. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿತ್ತು. ಒಳಗಿನದನ್ನು ಹೊರಗೆ ತಂದು ಹಾಕಿದ ಮೇಲೆ ಸರಿಹೋಯಿತು. ಎಂಜಿನ್ ಓಡುತ್ತಿರಬೇಕು ಅಂತ ಸೂಚನೆ ಇತ್ತು, ಹಾಗಾಗಿ ಶೆಡ್‌ನಿಂದ ಹೊರಗೆ ಅಂಗಳದಲ್ಲಿ ನಿಲ್ಲಿಸಿ ಮಾಡಿದೆ. ಮುಚ್ಚಿದ ಶೆಡ್‌ನಲ್ಲಿ ಹೊಗೆ ತುಂಬಿಕೊಂಡರೆ ಜೀವಕ್ಕೇ ಅಪಾಯ. ಅರ್ಧ ಗಂಟೆ ಹಿಡಿಯಿತು. ನಡುವೆ ಸ್ಕ್ರೀನ್ ಪೂರ್ತಿ ಕಪ್ಪಾದಾಗ ಕೈ ತಾನಾಗೇ ಕೀಲಿ ಕಡೆ ಹೋಗುತ್ತದೆ. ಮುಟ್ಟಬಾರದು, ಅದು ರೀಸ್ಟಾರ್ಟ್ ಆಗುತ್ತಿರುತ್ತದೆ. ಕೊನೆಗೆ ಫೋನ್ ಕನೆಕ್ಷನ್ ಕಡಿದುಹೋಗುವುದು ನಿಂತಿತು. ಸೇವ್ ಮಾಡಿದ್ದ ರೇಡಿಯೋ ಸ್ಟೇಷನ್‌ಗಳೆಲ್ಲ ಅಳಿಸಿಹೋದವು.

ಇದೆಲ್ಲ ಹಾಡು, ಮ್ಯಾಪು, ಕ್ಯಾಮೆರಾದ ಕಂಪ್ಯೂಟರು. ಎಂಜಿನ್ನಿಗೆ ಬೇರೆಯೇ ಇದೆ, ಇಸಿಯು ಅಂತಾರೆ. ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು. ಪ್ರತಿಯೊಂದಕ್ಕೂ ತನ್ನದೇ ಸಾಫ್ಟ್‌ವೇರ್. ನನ್ನ ಕಾರಿನಲ್ಲಿ ಎಂಜಿನ್ ಸಾಫ್ಟ್‌ವೇರಿನ ವರ್ಷನ್ ನಂಬರು ಸ್ಕ್ರೀನ್ ಮೇಲೆ ಎಲ್ಲೂ ಕಾಣುವುದಿಲ್ಲ.

ಅದನ್ನು ನೋಡಲು ಆನ್‌ಲೈನ್‌ನಲ್ಲಿ ಒಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೇರಿಂಗ್ ಕೆಳಗೆ, ಮೊಣಕಾಲು ತಗಲುವ ಜಾಗದಲ್ಲಿ, ಗಾಡಿಯ ಕಂಪ್ಯೂಟರುಗಳನ್ನು ಓದಲು 16 ಪಿನ್‌ಗಳ ಓಬಿಡಿ ಪೋರ್ಟ್ ಇರುತ್ತದೆ. ಅಲ್ಲಿ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿನ ಆ್ಯಪ್‌ನಲ್ಲಿ ವಾಹನದ ಮಾಹಿತಿ ತೆರೆದೆ. 17 ಅಕ್ಷರಗಳ ಚಾಸಿ ನಂಬರ್ ಬಂತು. ಆರ್‌ಸಿ ಜೊತೆ ತಾಳೆ ನೋಡಿದೆ, ಸರಿಯಿತ್ತು. ಅದರ ಕೆಳಗೆ ಕ್ಯಾಲಿಬ್ರೇಷನ್ ಐಡಿ. ಎಂಜಿನ್ ಸಾಫ್ಟ್‌ವೇರಿನ ಗುರುತು ಅದೇ. ಬರೆದುಕೊಂಡೆ. ಅದು ಹಳೆಯದೋ ಹೊಸದೋ ಅಂತ ಆ್ಯಪ್ ಹೇಳುವುದಿಲ್ಲ. ಕಂಪನಿಯ ಕಂಪ್ಯೂಟರಿನಲ್ಲೇ ಹೋಲಿಸಬೇಕು. ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಕಿತ್ತಿಟ್ಟುಬಿಡಿ, ಅಲ್ಲೇ ಬಿಟ್ಟರೆ ಬ್ಯಾಟರಿ ಹೀರುತ್ತದೆ.

ಚೀಟಿ ಹಿಡಿದು ಮತ್ತೆ ಸರ್ವಿಸ್ ಸೆಂಟರಿಗೆ ಹೋದೆ. ಈ ಸಲ ಕೌಂಟರಿನಲ್ಲಿ ಮಾತಾಡದೆ ನೇರ ಟೆಕ್ನಿಷಿಯನ್ ಹುಡುಗನನ್ನು ಹಿಡಿದೆ. ‘ಸ್ಕ್ರೀನ್ ಬೇಡಪ್ಪಾ, ಎಂಜಿನ್ ಇಸಿಯುದು ನೋಡು’ ಅಂದೆ. ಲ್ಯಾಪ್‌ಟಾಪ್ ಜೋಡಿಸಿದ, ಚಾಸಿ ನಂಬರ್ ಓದಿಸಿದ. ‘ಸಾರ್, ಎರಡು ವರ್ಷನ್ ಹಿಂದಿದೆ’ ಅಂದ. ಹೊಸದರ ವಿವರಣೆಯಲ್ಲಿ ಒಂದು ಸಾಲು: ಎಸಿ ಆನ್ ಇದ್ದಾಗ ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುವುದು) ಸುಧಾರಣೆ. ಓದಿ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಈ ಕೆಲಸವನ್ನು ನಾನೇ ಮಾಡುತ್ತೇನೆ ಅಂತ ಹೊರಡುವವನಲ್ಲ ನಾನು. ಹೊಸ ಸಾಫ್ಟ್‌ವೇರ್ ಬರೆಯುವಾಗ ಕರೆಂಟು ಹೋದರೆ ಇಸಿಯು ಸತ್ತಂತೆಯೇ. ಆ ಹುಡುಗ ಬ್ಯಾಟರಿಗೆ ಪ್ರತ್ಯೇಕ ಪವರ್ ಸಪ್ಲೈ ಹಚ್ಚಿದ. ಎಂಜಿನ್ ಆಫ್, ಲೈಟು, ಫ್ಯಾನು ಆಫ್, ಇಗ್ನಿಷನ್ ಮಾತ್ರ ಆನ್. ವೋಲ್ಟೇಜ್ 13ರ ಮೇಲೆ ನಿಂತಿರುವುದನ್ನು ನನಗೂ ತೋರಿಸಿದ. ‘ಬಾಗಿಲು ತೆಗೀಬೇಡಿ ಸಾರ್’ ಅಂತ ಎರಡು ಸಲ ಹೇಳಿದ. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಹಳೇ ದೋಷದ ಕೋಡ್ ಅಳಿಸಿ, ಎಸಿ ಇಲ್ಲದೆ ಹತ್ತು ನಿಮಿಷ, ಎಸಿ ಹಾಕಿ ಹತ್ತು ನಿಮಿಷ ಸುಮ್ನೆ ನಿಲ್ಲಿಸಿ ಓಡಿಸಿದ, ಎಂಜಿನ್ ಹೊಸ ಲೆಕ್ಕ ಕಲಿಯಲಿ ಅಂತ. ವಾರಂಟಿ ಇತ್ತು, ದುಡ್ಡು ತಗೊಳ್ಳಲಿಲ್ಲ.

ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಅಂತಷ್ಟೇ ಇತ್ತು. ಹಳೇ ಐಡಿ, ಹೊಸ ಐಡಿ ಎರಡನ್ನೂ ಅದರ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆ. ಅಡ್ವೈಸರ್ ಮುಖ ಸ್ವಲ್ಪ ಸಪ್ಪಗಾಯಿತು. ಮನೆಗೆ ಬಂದು ನನ್ನ ಸ್ಕ್ಯಾನರಿನಲ್ಲೂ ನೋಡಿದೆ, ಐಡಿಯ ಕೊನೆಯ ಎರಡು ಅಕ್ಷರ ಬದಲಾಗಿದ್ದವು.

ಮೊದಲ ಎರಡು ದಿನ ಆ್ಯಕ್ಸಿಲರೇಟರ್ ಸ್ವಲ್ಪ ಬೇರೆ ಥರ ಅನಿಸಿತು, ಆಮೇಲೆ ಕಾಲಿಗೆ ಒಗ್ಗಿತು. ಅದಾದ ಮೇಲೆ ನಾಲ್ಕು ಸಲ ಘಾಟಿ ಹತ್ತಿದ್ದೇನೆ, ಎಸಿ ಹಾಕಿಕೊಂಡೇ. ಮುಳ್ಳು 700ರ ಹತ್ತಿರವೇ ಕೂತಿರುತ್ತದೆ. ಆಕಾಶವಾಣಿ ಭದ್ರಾವತಿಯನ್ನು ಮಾತ್ರ ಇನ್ನೂ ಸೇವ್ ಮಾಡಿಲ್ಲ.