ವೆಬ್‌ವ್ಯೂನಲ್ಲಿ ಸರ್ಟಿಫಿಕೇಟ್ ಎರರ್: ಹೋಂಸ್ಟೇ ಆಪ್ ಕಟ್ಟುವವರಿಗೆ

ಮಡಿಕೇರಿಯ ಹೋಂಸ್ಟೇ ಒಂದರಲ್ಲಿ ಅತಿಥಿಗಳೆಲ್ಲರಿಗೂ ಒಂದೇ ವೈಫೈ, ಒಂದೇ ಪಾಸ್‌ವರ್ಡ್. ಅದರಲ್ಲೇ ಒಬ್ಬರು ನಿಮ್ಮ ಆಪ್ ತೆರೆದು ಮುಂಗಡ ಕಟ್ಟುತ್ತಾರೆ. ಪೇಮೆಂಟ್ ಪುಟ ವೆಬ್‌ವ್ಯೂನಲ್ಲಿ (ಆಪ್‌ನೊಳಗೇ ವೆಬ್ ಪುಟ ತೋರಿಸುವ ಭಾಗ) ಇದ್ದರೆ ಅಡ್ರೆಸ್ ಬಾರೂ ಕಾಣದು, ಬೀಗದ ಗುರುತೂ ಕಾಣದು. ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಗುರುತಿನ ಪತ್ರ, ನೋಡಿ ಸರ್ವರ್ ಅಸಲಿಯೇ ಎಂದು ತಿಳಿಯುವ ಹೊಣೆ ಪೂರ್ತಿ ಆಪ್‌ನದು.

ಆಂಡ್ರಾಯ್ಡ್ ಕೋಡ್‌ನಲ್ಲಿ ಮೊದಲು ಆನ್‌ರಿಸೀವ್ಡ್‌ಎಸ್‌ಎಸ್‌ಎಲ್‌ಎರರ್ ಹುಡುಕಿ; ಸರ್ಟಿಫಿಕೇಟ್ ಸರಿಯಿಲ್ಲದಾಗ ವೆಬ್‌ವ್ಯೂ ಕರೆಯುವ ಮೆಥಡ್ ಇದು. ಅದರೊಳಗೆ ಹ್ಯಾಂಡ್ಲರ್‌ನ ಪ್ರೊಸೀಡ್ (ಎರರ್ ಇದ್ದರೂ ಮುಂದುವರಿ ಎಂಬ ಆದೇಶ) ಕರೆದಿದ್ದರೆ ಇವತ್ತೇ ತೆಗೆಯಿರಿ. ಆ ಒಂದು ಸಾಲಿದ್ದರೆ ಅದೇ ವೈಫೈನಲ್ಲಿರುವವರು ಸುಳ್ಳು ಸರ್ಟಿಫಿಕೇಟ್ ತೋರಿಸಿ ನಡುವೆ ನುಗ್ಗಿ ಕಾರ್ಡ್ ನಂಬರ್ ಓದಬಹುದು. ಗೂಗಲ್ ಪ್ಲೇ ಕೂಡ ಇಂಥ ಆಪ್‌ಗಳನ್ನು ತಿರಸ್ಕರಿಸುತ್ತದೆ. ಆ ಮೆಥಡ್ ಬರೆಯದೇ ಬಿಟ್ಟರೆ ವೆಬ್‌ವ್ಯೂ ತಾನಾಗಿಯೇ ಕ್ಯಾನ್ಸಲ್ ಮಾಡುತ್ತದೆ. ನಿಮ್ಮದೇ ಎರರ್ ಪುಟ ಬೇಕಿದ್ದರೆ ಮಾತ್ರ ಬರೆಯಿರಿ, ಅಲ್ಲೂ ಕ್ಯಾನ್ಸಲ್ಲೇ ಇರಲಿ. 'ಮುಂದುವರಿಯಲೇ?' ಎಂದು ಕೇಳಬೇಡಿ. ರೂಮ್ ಸಿಗಬೇಕೆಂಬ ಆತುರದಲ್ಲಿ ಯಾರಾದರೂ ಹೌದು ಒತ್ತುತ್ತಾರೆ.

ಪ್ರೊಸೀಡ್ ತೆಗೆದ ಮೇಲೆ ಪುಟ ತೆರೆಯದಿದ್ದರೆ ಗೆಟ್‌ಪ್ರೈಮರಿಎರರ್ ಕೊಡುವ ಅಂಕಿ ನೋಡಿ. 3 ಬಂದರೆ ನಂಬಿಕೆಯ ಸರಪಳಿ ಕಡಿದಿದೆ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸರಿಯಾಗಿ ತೆರೆದು ಫೋನ್‌ನಲ್ಲಿ ಮಾತ್ರ ಕೈಕೊಟ್ಟರೆ, ಬಹುಪಾಲು ಸರ್ವರ್ ತನ್ನ ಸರ್ಟಿಫಿಕೇಟ್ ಒಂದನ್ನೇ ಕಳಿಸಿ ಅದನ್ನು ಫೋನ್ ನಂಬುವ ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವ ನಡುವಿನ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್ ಬಿಟ್ಟಿರುತ್ತದೆ. ಬ್ರೌಸರ್ ಅದನ್ನು ಬೇರೆ ಕಡೆಯಿಂದ ಹೊಂದಿಸಿಕೊಂಡುಬಿಡುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸರ್ವರ್ ಏನೇನು ಕಳಿಸುತ್ತದೆಂದು ನೋಡಲು ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಅನ್ನು ಶೋಸರ್ಟ್ಸ್ ಜೊತೆ ಓಡಿಸಿ. ಒಂದೇ ಸರ್ಟಿಫಿಕೇಟ್ ಬಂದರೆ ಕಾರಣ ಅದೇ. ಸರ್ಟಿಫಿಕೇಟ್ ಪಡೆಯಲು ಸರ್ಟ್‌ಬಾಟ್ ಬಳಸುವವರು ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ಸರ್ಟ್ ಫೈಲ್ ಬದಲು ಫುಲ್‌ಚೈನ್ ಫೈಲ್ ಕೊಟ್ಟು ರೀಲೋಡ್ ಮಾಡಿ.

2 ಎಂದರೆ ಹೆಸರು ಹೊಂದುತ್ತಿಲ್ಲ. ಲಾಡ್ಜ್ ವೈಫೈನ ಲಾಗಿನ್ ಪುಟ ಅಡ್ಡ ಬಂದರೂ ಹೀಗಾಗುತ್ತದೆ. 'ಮೊದಲು ವೈಫೈಗೆ ಲಾಗಿನ್ ಆಗಿ' ಎಂಬ ಸಾಲು ಎರರ್ ಪುಟದಲ್ಲಿರಲಿ. 4 ದಿನಾಂಕದ ತಕರಾರು: ಸರ್ಟಿಫಿಕೇಟ್ ಅವಧಿ ಮುಗಿದಿದೆ, ಇಲ್ಲವೇ ಫೋನ್ ಗಡಿಯಾರ ತಪ್ಪಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಸಿಗ್ನಲ್ಲೂ ಇಲ್ಲದೆ ಬ್ಯಾಟರಿ ಪೂರ್ತಿ ಸತ್ತ ಹಳೇ ಫೋನ್‌ಗಳಲ್ಲಿ ಗಡಿಯಾರವನ್ನೇ ಮೊದಲು ನೋಡಿ.

ಟೆಸ್ಟ್ ಸರ್ವರ್‌ನ ಸ್ವಂತ ಸರ್ಟಿಫಿಕೇಟ್‌ಗಾಗಿ ಕೋಡ್ ಸಡಿಲಿಸಬೇಡಿ. ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನ ಡೀಬಗ್-ಓವರ್‌ರೈಡ್ಸ್ ಒಳಗೆ ಅದರ ಸಿಎ (ಅದಕ್ಕೆ ಸಹಿ ಹಾಕಿದ ಮೂಲ ಸರ್ಟಿಫಿಕೇಟ್) ಸೇರಿಸಿ. ಇದು ಪರೀಕ್ಷೆಗೆಂದು ಕಟ್ಟುವ ಡೀಬಗ್ ಬಿಲ್ಡ್‌ಗೆ ಮಾತ್ರ ಅನ್ವಯಿಸುತ್ತದೆ.

ಐಫೋನ್‌ನ ಡಬ್ಲ್ಯುಕೆವೆಬ್‌ವ್ಯೂನಲ್ಲಿ 'ಈ ಸರ್ವರ್ ನಂಬಲೇ?' ಎಂದು ಬರುವ ಚಾಲೆಂಜ್‌ಗೆ, ಮಾಮೂಲಿ ಪರೀಕ್ಷೆಯನ್ನೇ ನಡೆಸುವ ಪರ್ಫಾರ್ಮ್‌ಡೀಫಾಲ್ಟ್‌ಹ್ಯಾಂಡ್ಲಿಂಗ್ ಸಾಕು. ಪರೀಕ್ಷಿಸದೆ ಸರ್ವರ್‌ಟ್ರಸ್ಟ್ ಅನ್ನು ಕ್ರೆಡೆನ್ಶಿಯಲ್ ಮಾಡಿ ಹಿಂತಿರುಗಿಸುವುದೂ, ಅಂದರೆ ಕಣ್ಣುಮುಚ್ಚಿ ನಂಬುವುದೂ, ಪ್ರೊಸೀಡ್‌ನಷ್ಟೇ ಅಪಾಯ.

ಬಿಡುಗಡೆಗೆ ಮುಂಚೆ, ಪರೀಕ್ಷೆಗೆಂದೇ ಕೆಟ್ಟ ಸರ್ಟಿಫಿಕೇಟ್ ಇಟ್ಟಿರುವ ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್‌ನ ಎಕ್ಸ್‌ಪೈರ್ಡ್, ರಾಂಗ್ ಹೋಸ್ಟ್, ಸೆಲ್ಫ್-ಸೈನ್ಡ್, ಅನ್‌ಟ್ರಸ್ಟೆಡ್-ರೂಟ್ ವಿಳಾಸಗಳನ್ನು ರಿಲೀಸ್ ಬಿಲ್ಡ್‌ನ ವೆಬ್‌ವ್ಯೂನಲ್ಲಿ ತೆರೆದು ನೋಡಿ. ನಾಲ್ಕರಲ್ಲಿ ಒಂದು ತೆರೆದುಕೊಂಡರೂ ಬಿಡುಗಡೆ ನಿಲ್ಲಿಸಿ.