ಯಾರ ಮೇಲೆ ಕತ್ತಿ ಮಸೀತಿದೀರಾ?

ಚಾಕು ಮಾಡುವುದು ನನ್ನ ಹವ್ಯಾಸ ಅಂದ ಕೂಡಲೇ ಎದುರಿಗಿದ್ದವರು ಕೇಳುವ ಮೊದಲ ಮಾತು ಇದೇ. ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳಿದ್ದಾರೆ. ನಮ್ಮ ಭಾಷೆಯಲ್ಲಿ ಕತ್ತಿ ಮಸೆಯುವುದು ಅಂದರೆ ದ್ವೇಷ ಸಾಧಿಸುವುದು ಅಂತಲೇ ಅರ್ಥ. ಅದಕ್ಕೆ ಸಿನಿಮಾದ ಲಾಂಗು, ಮಚ್ಚು ಬೇರೆ ಸೇರಿಕೊಂಡಿವೆ. ಹಾಗಾಗಿ ಆರು ಇಂಚಿನ ತರಕಾರಿ ಚಾಕು ತೋರಿಸಿದರೂ ಕೆಲವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ನಾನಿರುವುದು ಶಿವಮೊಗ್ಗದಲ್ಲಿ. ವಾರವೆಲ್ಲ ಲೆಕ್ಕಪತ್ರದ ಕೆಲಸ, ಭಾನುವಾರ ಹಿತ್ತಲಿನಲ್ಲಿ ಪುಟ್ಟ ಕುಲುಮೆ. ಆರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಚಾಕು ಮಾಡಿದ್ದೇನೆ. ಒಂದನ್ನೂ ಮಾರಿಲ್ಲ. ಹೆಚ್ಚಿನವು ನೆಂಟರ, ಗೆಳೆಯರ ಅಡುಗೆಮನೆಯಲ್ಲಿವೆ.

ಮೊದಲ ಸಲ ಗುಜರಿಯಿಂದ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದ ದಿನ ಶನಿವಾರವಾಗಿತ್ತು. "ಶನಿವಾರ ಯಾರಾದ್ರೂ ಮನೆಗೆ ಕಬ್ಬಿಣ ತರ್ತಾರೇನೋ?" ಅಂತ ಅಮ್ಮ ಬಾಗಿಲಲ್ಲೇ ತಡೆದರು. ಪಟ್ಟಿಯನ್ನು ಗೇಟಿನ ಹೊರಗೆ ಇಟ್ಟು ಮರುದಿನ ಒಳಗೆ ತಂದೆ. ತಂಗಿಯ ಬಾಣಂತನದಲ್ಲಿ ಮಗುವಿನ ತಲೆದೆಸೆಗೆ ಕಬ್ಬಿಣದ ಕತ್ತಿ ಇಟ್ಟವರೂ ಇದೇ ಅಮ್ಮ. ಕಬ್ಬಿಣ ಅಂದರೆ ಅವರಿಗೆ ಭಯವೂ ಹೌದು, ಕಾವಲೂ ಹೌದು. ಅವರ ಮಾತಿನಿಂದ ನನಗೆ ಬೇಸರವಾಗಲಿಲ್ಲ.

ಬೇಸರವಾಗಿದ್ದು ಚಿಕ್ಕಪ್ಪನ ಮಾತಿಗೆ. "ಇಷ್ಟು ಓದಿ ಕಮ್ಮಾರನ ಕೆಲಸ ಮಾಡ್ತಿದೀಯಲ್ಲೋ." ಅದರಲ್ಲಿ ಚಾಕುವಿನ ಭಯ ಇರಲಿಲ್ಲ, ಕೈಕೆಲಸದ ಮೇಲಿನ ತಾತ್ಸಾರ ಇತ್ತು. ನಮ್ಮ ಉಕ್ಕಿನ ಕಥೆ ಗೊತ್ತಿದ್ದರೆ ಹಾಗನ್ನುತ್ತಿರಲಿಲ್ಲ ಅನಿಸುತ್ತದೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದಲ್ಲಿ ಜಾರ್ಜ್ ಪಿಯರ್ಸನ್ 'ವೂಟ್ಜ್' ಅನ್ನುವ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಓದಿದರು. ಆ ಹೆಸರು ನಮ್ಮ 'ಉಕ್ಕು' ಅನ್ನುವ ಮಾತಿನಿಂದಲೇ ಬಂದಿದ್ದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟ. ಹಾಗೆ ದೂರದವರು ಬಂದು ನೋಡಿ ಬರೆದುಕೊಂಡು ಹೋದ ವಿದ್ಯೆ, ಮನೆಯಲ್ಲೇ ಅಗ್ಗವಾಗಿಬಿಟ್ಟಿದೆ.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಬರುತ್ತದೆ: "ಅಂಗಡೀಲಿ ನೂರು ರೂಪಾಯಿಗೆ ಸಿಗತ್ತಲ್ಲ?" ಸಿಗತ್ತೆ. ಆದರೆ ಈ ಪ್ರಶ್ನೆ ಕೇಳಿದವರನ್ನು ನಾನು ಸುಮ್ನೆ ಬಿಡುವುದಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ. ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಬೇಕು, ಆಗ ಅರ (ಫೈಲ್) ಉಜ್ಜುವಷ್ಟು ಮೆತ್ತಗಾಗುತ್ತದೆ. ಆಮೇಲೆ ಆಕಾರ ಕತ್ತರಿಸಿ ಅರ ಹಾಕಬೇಕು. ಮತ್ತೆ ಕಾಯಿಸಿ ಎಣ್ಣೆಗೆ ಅದ್ದಬೇಕು. ಎಣ್ಣೆಯಿಂದ ತೆಗೆದಾಗ ಅಲಗು ಗಾಜಿನ ಹಾಗಿರುತ್ತದೆ. ಕೈ ಜಾರಿ ಬಿದ್ದರೆ ಎರಡು ತುಂಡು. ಅದನ್ನು ಕೇಕ್ ಬೇಯಿಸುವ ಓವನ್ನಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿದ ಮೇಲೆ ಇನ್ನೊಮ್ಮೆ ಎರಡು ಗಂಟೆ ಇಡುತ್ತೇನೆ. ಉಜ್ಜಿ ಬೆಳ್ಳಗೆ ಮಾಡಿಟ್ಟ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹದ ಬಂತು ಅಂತ. ನನ್ನ ಮೊದಲ ಚಾಕುವನ್ನು ಎಣ್ಣೆಯ ಬದಲು ನೀರಿಗೆ ಅದ್ದಿದ್ದೆ. 'ಟಿಣ್' ಅಂತ ಒಂದು ಸದ್ದು, ಬಾಯಿಂದ ಬೆನ್ನಿನವರೆಗೆ ಸೀಳು. ಮೂರು ಭಾನುವಾರದ ಕೆಲಸ ಹೋಯಿತು. ಇಷ್ಟು ಕೇಳಿದ ಮೇಲೆ ನೂರು ರೂಪಾಯಿಯ ಮಾತು ಯಾರೂ ಎತ್ತುವುದಿಲ್ಲ. "ಇಷ್ಟೆಲ್ಲ ಇದೆಯಾ?" ಅಂತ ಅಲಗನ್ನು ಮುಟ್ಟಿ ನೋಡುತ್ತಾರೆ.

ಉಡುಗೊರೆ ಕೊಡುವಾಗಲೂ ತೊಡಕಿದೆ. ಚಾಕು ಕೊಟ್ಟರೆ ಸಂಬಂಧ ಕತ್ತರಿಸುತ್ತದೆ ಅನ್ನುವ ನಂಬಿಕೆ ಜಾಸ್ತಿ. ಅದಕ್ಕೇ ಒಂದು ರೂಪಾಯಿ ಇಸಿದುಕೊಂಡು ಕೊಡುತ್ತೇನೆ, ಅದೂ ಕೈಯಿಂದ ಕೈಗಲ್ಲ, ಮೇಜಿನ ಮೇಲಿಟ್ಟು. ಅವರ ಮನಸ್ಸಿಗೆ ನೆಮ್ಮದಿ ಇರಲಿ. ಒಬ್ಬ ಅಕ್ಕ ವಾರದಲ್ಲೇ ವಾಪಸ್ ತಂದರು: "ಮಾವಿನಕಾಯಿ ಹೆಚ್ಚಿದೆ, ಪೂರ್ತಿ ಕಪ್ಪಾಯ್ತು ನೋಡು, ಹಾಳಾಯ್ತಾ?" ಅಂಗಡಿಯ ಸ್ಟೇನ್‌ಲೆಸ್ ಸ್ಟೀಲಿನ ಚಾಕು ಹಾಗಾಗುವುದಿಲ್ಲ, ಈ ಉಕ್ಕು ಹುಳಿಗೆ ಕಪ್ಪಾಗುತ್ತದೆ. ಆ ಕಪ್ಪು ತುಕ್ಕಲ್ಲ, ತುಕ್ಕನ್ನು ತಡೆಯುವುದಕ್ಕೂ ಸ್ವಲ್ಪ ನೆರವಾಗುತ್ತದೆ. ತೊಳೆದು ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಈಗ ಇದನ್ನು ಕೊಡುವ ಮೊದಲೇ ಹೇಳುತ್ತೇನೆ.

ಪರಿಚಯದ ಪೊಲೀಸರೊಬ್ಬರು ಮಾತ್ರ ಅಳತೆ ಕೇಳಿದರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ್ದು ಆ ಪಟ್ಟಿಯಲ್ಲಿ ಇಲ್ಲ. ನಾನು ಅಡುಗೆಮನೆಯ ಚಾಕು ಬಿಟ್ಟು ಬೇರೆ ಮಾಡುವುದಿಲ್ಲ, ಎಂಟು ಇಂಚು ದಾಟುವುದೂ ಇಲ್ಲ.

ದಿನವೂ ಕತ್ತಿ ಹಿಡಿದು ದುಡಿಯುವವರು ಬೇರೆ ಥರ. ಸಾಗರದ ಹತ್ತಿರ ನಮ್ಮ ಸೋದರತ್ತೆಯ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಒಮ್ಮೆ ಹೋಗಿದ್ದೆ. ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮೇಲೆ ಕೂತಿದ್ದರು. ಒಬ್ಬರು ನನ್ನ ಚಾಕು ಇಸಿದುಕೊಂಡು ಹೆಬ್ಬೆರಳಿನ ಉಗುರಿನ ಮೇಲೆ ಬಾಯಿ ಆನಿಸಿ ನೋಡಿದರು. "ಬಾಯಿ ಚಲೋ ಐತೆ ತಮಾ. ಎಷ್ಟು ದಿನ ನಿಲ್ತದೆ?" ಯಾರನ್ನು ಕೊಲ್ಲೋಕೆ ಅಂತ ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಆರು ವರ್ಷದಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಹತ್ತಿರದ ಊರಿನಲ್ಲಿ ಕಮ್ಮಾರಿಕೆ ಮಾಡುವ ಹಿರಿಯ ಆಚಾರ್ರೊಬ್ಬರಿದ್ದಾರೆ. ಅರವತ್ತು ದಾಟಿದೆ. ಮೊದಲ ದಿನ "ನಿಮಗ್ಯಾಕೆ ಸಾರ್ ಇದು?" ಅಂದರು. ಆಮೇಲೆ ತಿದಿ ಒತ್ತುತ್ತಾ, "ನನ್ನ ಮಗ ಈ ಹೊಗೆ ಬೇಡ ಅಂತ ಬೆಂಗಳೂರಿಗೆ ಹೋದ. ನೀವು ಆಸೆಪಟ್ಟು ಹುಡುಕ್ಕೊಂಡು ಬಂದಿದೀರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಡ ಅನಿಸಿದ ಭಾನುವಾರ ನಾನು ಬೆಂಕಿ ಹಚ್ಚದೆ ಇರಬಹುದು. ಅವರಿಗೆ ಆ ಅನುಕೂಲ ಯಾವತ್ತೂ ಇರಲಿಲ್ಲ. ಅವರ ಎದುರು ನನ್ನ ಕೆಲಸಕ್ಕೆ ಹವ್ಯಾಸ ಅನ್ನುವ ಪದ ಬಳಸುವುದನ್ನು ಅಂದಿನಿಂದ ಬಿಟ್ಟೆ.

ಸುಮಾರು 770 ಡಿಗ್ರಿ ದಾಟಿದ ಮೇಲೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪ ಕಾಯಿಸಿದರೆ ಎಣ್ಣೆಗೆ ಅದ್ದುವ ಹೊತ್ತು. ನಾನು ಅಯಸ್ಕಾಂತ ಹಿಡಿದು ನೋಡುವುದನ್ನು ಆಚಾರ್ರು ಕಂಡು, ಬಾಗಿಲು ಅರ್ಧ ಮುಚ್ಚಿದರು. ಕತ್ತಲಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ. ಅಲಗು ಮಂಕು ಕೆಂಪಿನಿಂದ ಮೇಲೇರುತ್ತಿತ್ತು. "ಈಗ ಇಡಿ" ಅಂದರು. ಇಟ್ಟೆ. ಅಯಸ್ಕಾಂತ ಅಂಟಲಿಲ್ಲ. ಅದಕ್ಕೆ ಒಂದು ಕ್ಷಣ ಮೊದಲು ಅಂಟಿತ್ತು.

ಕಳೆದ ತಿಂಗಳು ನನ್ನ ಹೊಸ ಚಾಕು ತೋರಿಸಿದೆ. ಉಗುರಿನಿಂದ ತಟ್ಟಿ ಸದ್ದು ಕೇಳಿದರು, ಬಾಯಿಯ ಮೇಲೆ ಅರ ಎಳೆದು ನೋಡಿದರು, ಅರ ಜಾರಿತು. ತಲೆ ಆಡಿಸಿ, "ಹದ ಸರಿಯಾಗಿದೆ. ಹಿಡಿ ಸಣ್ಣ ಆಯ್ತು, ದಿನಾ ಹೆಚ್ಚೋರ ಕೈ ನೋಯತ್ತೆ" ಅಂದರು. ಈಗ ಹಲಸಿನ ಮರದಲ್ಲಿ ಹೊಸ ಹಿಡಿ ಕೆತ್ತುತ್ತಿದ್ದೇನೆ, ಮೊದಲಿಗಿಂತ ಅರ್ಧ ಬೆರಳು ದಪ್ಪ. ಮುಗಿದ ಮೇಲೆ ಅವರ ಹೆಂಡತಿಗೆ ಕೊಡಬೇಕು ಅಂತಿದ್ದೇನೆ, ಒಂದು ರೂಪಾಯಿ ಇಸಿದುಕೊಂಡು.