ನಾಲ್ಕನೆಯ ನಾಳದ ಹುಡುಕಾಟ

ರೂಟ್ ಕೆನಾಲ್ ತಜ್ಞೆ ಎಂದರೆ ‘ನಿಮ್ಮ ಕ್ಲಿನಿಕ್ ಎಲ್ಲಿ?’ ಎಂದು ಕೇಳುತ್ತಾರೆ. ನನಗೆ ಸ್ವಂತ ಕ್ಲಿನಿಕ್ ಇಲ್ಲ. ಮನೆ ಮೈಸೂರಿನಲ್ಲಿ, ಕೆಲಸ ಮೈಸೂರು, ಶ್ರೀರಂಗಪಟ್ಟಣ, ಮಂಡ್ಯದ ಬೇರೆ ಬೇರೆ ದಂತವೈದ್ಯರ ಕ್ಲಿನಿಕ್‌ಗಳಲ್ಲಿ. ತಮಗೆ ಬಗ್ಗದ ಹಲ್ಲುಗಳನ್ನು ಅವರು ನನಗಾಗಿ ಕಾಯ್ದಿರಿಸುತ್ತಾರೆ. ಹಲ್ಲಿನ ಬೇರಿನೊಳಗೆ ನರವಿರುವ ನಾಳವನ್ನು ಕೆರೆಯುವ ಸೂಜಿಯಂಥ ಫೈಲ್‌ಗಳ ಡಬ್ಬಿ, ಅವನ್ನು ತಿರುಗಿಸುವ ಎಂಡೋಮೋಟರ್, ನಾಳದ ತುದಿ ತೋರಿಸುವ ಅಪೆಕ್ಸ್ ಲೊಕೇಟರ್, ಹಲ್ಲನ್ನು ಹಿಗ್ಗಿಸಿ ತೋರುವ ಲೂಪ್ಸ್ ಎಲ್ಲವೂ ಒಂದೇ ಬ್ಯಾಗಿನಲ್ಲಿ ನನ್ನೊಂದಿಗೆ ಬಸ್ ಹತ್ತುತ್ತವೆ.

ಓದಿನ ದಾರಿ ಹೀಗೆ: ನಾಲ್ಕು ವರ್ಷ ಬಿಡಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ನೀಟ್ ಬರೆದು ಮೂರು ವರ್ಷ ಎಂಡಿಎಸ್. ಅದರ ಮೊದಲ ವರ್ಷ ರೋಗಿಗಳಿಗಿಂತ ಕಿತ್ತ ಹಲ್ಲುಗಳ ಸಹವಾಸವೇ ಹೆಚ್ಚು. ಹಲ್ಲು ಕೀಳುವ ವಿಭಾಗದವರನ್ನು ಕಾಡಿ ಬೇಡಿ ತಂದು, ಸೋಂಕು ತೆಗೆದು, ಅಕ್ರಿಲಿಕ್ ಅಚ್ಚಿನಲ್ಲಿ ನಿಲ್ಲಿಸಿ ಕೊರೆಯುತ್ತಿದ್ದೆವು. ಮುಗಿದ ಮೇಲೆ ಬೇರನ್ನು ಉದ್ದಕ್ಕೆ ಸೀಳಿ ನೋಡುವುದು ನನಗೆ ಬಲು ಇಷ್ಟ. ಎಕ್ಸ್‌ರೇಯಲ್ಲಿ ನೆಟ್ಟಗೆ ಕಂಡ ನಾಳ ನಿಜದಲ್ಲಿ ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಬಾಗಿರುತ್ತಿತ್ತು. ಆ ಬಾಗು ಚಿತ್ರದಲ್ಲಿ ಬೀಳುವುದಿಲ್ಲ, ಬೆರಳಿಗೇ ತಿಳಿಯಬೇಕು.

ಬೆರಳಿಗೆ ಪಾಠ ಹೇಳುವುದು ಹತ್ತನೇ ನಂಬರಿನ ಫೈಲ್. ಹಿಡಿ ನೇರಳೆ ಬಣ್ಣ, ತುದಿಯ ದಪ್ಪ 0.1 ಮಿಲಿಮೀಟರ್. ತುದಿಯನ್ನು ತುಸು ಬಗ್ಗಿಸಿ, ಹಳೆಯ ಕೈಗಡಿಯಾರಕ್ಕೆ ಕೀ ಕೊಡುವಂತೆ ಅತ್ತಿತ್ತ ಆಡಿಸುತ್ತ ಇಳಿಸಬೇಕು. ಕಚ್ಚಿ ಹಿಡಿದರೆ ನಾಳ ಕಿರಿದಾಗಿದೆ. ಗಟ್ಟಿಯಾಗಿ ತಡೆದು ನಿಂತರೆ ಎದುರಿಗೆ ಗೋಡೆ. ಅಲ್ಲಿ ಒತ್ತಿದರೆ ಕೆಟ್ಟಿತು. ಮೋಟರಿಗೆ ಸಿಕ್ಕಿಸುವ ನಿಕಲ್-ಟೈಟಾನಿಯಂ ಫೈಲ್‌ಗಳ ಸರದಿ ಆಮೇಲಿನದು.

ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಮೂರು, ನಾಳ ಮಾತ್ರ ಬಹುಪಾಲು ನಾಲ್ಕು. ನಾಲ್ಕನೆಯದು ಕೆನ್ನೆಯ ಬದಿಯ ಮುಂದಿನ ಬೇರಿನ ಎರಡನೆಯ ನಾಳ, ಅದಕ್ಕೆ ನಮ್ಮಲ್ಲಿ ಎಂಬಿ-ಟು ಎಂಬ ಹೆಸರು. ಮಂಡ್ಯದಲ್ಲೊಮ್ಮೆ ಪಾಂಡವಪುರ ಕಡೆಯ ರೈತರೊಬ್ಬರು ಬಂದಿದ್ದರು. ಹಿಂದೆ ರೂಟ್ ಕೆನಾಲ್ ಆಗಿದ್ದ ಹಲ್ಲೇ ಮತ್ತೆ ನೋಯುತ್ತಿತ್ತು. “ಕಿತ್ತುಹಾಕಿ ಡಾಕ್ಟರಮ್ಮ, ಇದರ ಸಹವಾಸ ಸಾಕು” ಎಂದರು. “ಕೀಳುವುದು ಇದ್ದೇ ಇದೆ ಯಜಮಾನರೇ, ಒಳಗೆ ಒಮ್ಮೆ ನೋಡಿಬಿಡುತ್ತೇನೆ” ಎಂದೆ.

ಹಲ್ಲಿನ ಸುತ್ತ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಕಟ್ಟಿ ಹಳೆಯ ಫಿಲ್ಲಿಂಗ್ ತೆಗೆದೆ. ಮೂರು ನಾಳಗಳಲ್ಲಿ ಅವನ್ನು ತುಂಬುವ ರಬ್ಬರಿನಂಥ ವಸ್ತು ಗಟ್ಟಾ ಪರ್ಚಾ ಇತ್ತು. ಹಲ್ಲಿನೊಳಗಿನ ನೆಲ ಸುತ್ತಲ ಗೋಡೆಗಿಂತ ಕಪ್ಪಾಗಿರುತ್ತದೆ. ಕೆನ್ನೆಯ ಬದಿಯ ಮುಂದಿನ ನಾಳದಿಂದ ಅಂಗುಳಿನ ಕಡೆಗೆ ಒಂದು ಸಣ್ಣ ಗೆರೆ ಹೊರಟು, ಹಲ್ಲಿನ ಒಳಪದರವಾದ ಡೆಂಟಿನ್‌ನ ಬಿಳಿ ಚಾಚಿನ ಕೆಳಗೆ ಮರೆಯಾಗಿತ್ತು. ಅಲ್ಟ್ರಾಸಾನಿಕ್ ಮೊನೆಯಿಂದ ಆ ಚಾಚನ್ನು ಕೂದಲೆಳೆಯಷ್ಟು ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ತುಂಬಿ ಸುಮ್ಮನೆ ಕಾದೆ. ಗೆರೆಯ ಒಂದು ಬಿಂದುವಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ಕೊಳೆತ ನರದ ಚೂರು ಒಳಗಿದ್ದು, ಔಷಧ ಅದನ್ನು ಕರಗಿಸುತ್ತಿದೆ ಎಂದರ್ಥ. ನೇರಳೆ ಫೈಲ್ ಅಲ್ಲಿಯೇ ಇಳಿಯಿತು.

ಈ ಹೈಪೋಕ್ಲೋರೈಟ್ ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿರುವ ವಸ್ತುವೇ. ಬಾಯಿಗೆ ಸೋರಿದರೆ ಸುಡುತ್ತದೆ. ಫೈಲ್ ಗಂಟಲಿಗೆ ಜಾರಿದರೆ ಇನ್ನೂ ಕಷ್ಟ. ಎರಡನ್ನೂ ತಡೆಯುವ ರಬ್ಬರ್ ಡ್ಯಾಮ್ ಬಂದದ್ದು 1864ರಲ್ಲಿ. ಸಮಯವಿಲ್ಲವೆಂದು ಅದನ್ನು ಬಿಡುವವರು ಇಂದಿಗೂ ಇದ್ದಾರೆ. ರೋಗಿಯಾಗಿ ಹೋದಾಗ ಧಾರಾಳವಾಗಿ ಕೇಳಿ, ವೈದ್ಯರಿಗೆ ಬೇಸರವಾದರೆ ಆಗಲಿ.

ನನಗೆ ಬೇಸರ ತರುವುದು ರೂಟ್ ಕೆನಾಲ್ ಆದ ಹಲ್ಲಿನ ಮೇಲೆ ಹಾಕಿಸಬೇಕಾದ ಕ್ಯಾಪಿನ ವಿಷಯ. ನೋವು ಹೋದೊಡನೆ ಜನ ಕ್ಲಿನಿಕ್ ಮರೆಯುತ್ತಾರೆ, ಆಮೇಲೆ ಹಲ್ಲು ಸೀಳಿ ಬರುತ್ತಾರೆ. ಈ ಯಜಮಾನರೂ “ಕಬ್ಬಿನ ದುಡ್ಡು ಬಂದ ಮೇಲೆ ಹಾಕಿಸುತ್ತೇನೆ” ಎಂದರು. ಹಲ್ಲಿನ ಕಚ್ಚುವ ಮೊನೆಗಳನ್ನು ತಗ್ಗಿಸಿ, ಗಟ್ಟಿ ಫಿಲ್ಲಿಂಗ್ ತುಂಬಿ, “ಅಲ್ಲಿಯವರೆಗೆ ಆ ಕಡೆಯಿಂದ ಕಬ್ಬು ಸಿಗಿಯಬೇಡಿ” ಎಂದು ಹೇಳಿ ಕಳಿಸಿದೆ.